ಉಜಳಣಿಯ ಲೆಕ್ಕ

ನಮ್ಮ ಕಡೆಯ ಹಳೆಯ ಸಾಲಿಗಳಲ್ಲಿ 'ಉಜಳಣಿ' ಎಂಬ ಮಾತೊಂದು ರೂಢಿಯಲ್ಲಿತ್ತು. ಬೇರೆ ಕಡೆಯವರು 'ಪುನರಾವರ್ತನೆ' ಎಂದು ಗಂಭೀರವಾಗಿ ಹೇಳುವುದನ್ನು ನಮ್ಮ ಮಾಸ್ತರರು 'ಉಜಳಣಿ ಮಾಡ್ರಿ' ಎಂಬ ಎರಡೇ ಮಾತಿನಲ್ಲಿ ಮುಗಿಸುತ್ತಿದ್ದರು. ಮಾತು ಮರಾಠಿಯಿಂದ ಬಂದದ್ದು. ಬೆಳಗುವುದು, ಹೊಳಪು ಕೊಡುವುದು ಎಂಬುದು ಅದರ ಮೂಲದ ಅರ್ಥ. ಹಿತ್ತಾಳೆಯ ತಂಬಿಗೆಯನ್ನು ಹುಣಿಸೆಹಣ್ಣು ಹಚ್ಚಿ ಬೆಳಗಿದಂತೆ ಕಲಿತ ಪಾಠವನ್ನೂ ಆಗಾಗ ಬೆಳಗಬೇಕು, ಇಲ್ಲವಾದರೆ ಅದಕ್ಕೆ ಕಿಲುಬು ಹತ್ತುತ್ತದೆ ಎಂಬ ಭಾವ. ಮನೆಯಲ್ಲಿ ನಾಲ್ಕು ತಂಬಿಗೆಗಳಿದ್ದರೆ ಇದು ಸರಿಯೇ. ಸಾವಿರವಿದ್ದರೆ? ದಿನವೂ ಎಲ್ಲವನ್ನೂ ಬೆಳಗುತ್ತ ಕುಳಿತ ಗೃಹಿಣಿಗೆ ಒಲೆ ಹೊತ್ತಿಸಲು ಹೊತ್ತೆಲ್ಲಿಯದು?

ಈ ಪ್ರಶ್ನೆಗೆ ಮನುಷ್ಯರು ಕಾಲಕಾಲಕ್ಕೆ ಕಂಡುಕೊಂಡ ಉತ್ತರಗಳಿಗೆ ಒಂದು ಇತಿಹಾಸವಿದೆ. ಕನ್ನಡ ಪಾಠ ಹೇಳುವ ನಾನು ಅದನ್ನು ಕೆದಕಿ ನೋಡುವಂತಾದದ್ದು ಕನ್ನಡದಿಂದಲ್ಲ, ಜಪಾನಿ ಭಾಷೆಯಿಂದ.

ನಾನಿರುವ ರಾಮನಗರ ಜೋಯಿಡಾ ತಾಲೂಕಿನದು. ಕಾಳಿ ನದಿಗೆ ಸೂಪಾದಲ್ಲಿ ಅಣೆಕಟ್ಟು ಬಂದು ಹಳ್ಳಿಗಳು ಮುಳುಗಿದಾಗ ನೆಲೆ ಕಳೆದುಕೊಂಡ ಜನ ಬಂದು ಸೇರಿದ ಊರು. ಇಲ್ಲಿಯ ಎಷ್ಟೋ ಮನೆಗಳಲ್ಲಿ ಆಡುವುದು ಕೊಂಕಣಿ ಇಲ್ಲವೆ ಮರಾಠಿ; ಮಕ್ಕಳು ಕನ್ನಡವನ್ನು ಸಾಲಿಯಲ್ಲಿ ಕಲಿಯುತ್ತಾರೆ. ಇಂಥ ಒಂದು ಮನೆಯ ಹುಡುಗಿ, ನನ್ನ ಹಳೆಯ ವಿದ್ಯಾರ್ಥಿನಿ, ಎರಡು ವರ್ಷಗಳ ಕೆಳಗೆ ಒಂದು ಸಂಜೆ ನನ್ನಲ್ಲಿಗೆ ಬಂದಳು. ದಾದಿಯ ತರಬೇತಿ ಮುಗಿಸಿದವಳು. 2021ರ ಜನವರಿಯಲ್ಲಿ ಭಾರತಕ್ಕೂ ಜಪಾನಿಗೂ ಆದ ಒಪ್ಪಂದದಿಂದ ಅಲ್ಲಿ ವೃದ್ಧರ ಆರೈಕೆಯಂಥ ಕೆಲಸಗಳಿಗೆ ನಮ್ಮವರು ಹೋಗಲು ದಾರಿಯಾಗಿದೆಯಷ್ಟೆ. ಆದರೆ ಮೊದಲು ಜಪಾನಿ ಭಾಷೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ತಂದೆ ಸಾಲ ಮಾಡಿ ತರಗತಿಯ ಫೀ ಕಟ್ಟಿದ್ದರು.

"ಸರ್, ಒಂಬೈನೂರಾ ನಲವತ್ತು ಕಾರ್ಡು ಬಾಕಿ ಅದಾವ್ರಿ. ಹತ್ತು ದಿನ ಜ್ವರ ಬಂದು ಮಲಗಿದ್ದೆ. ದಿನಾ ಇನ್ನಷ್ಟು ಕೂಡ್ತಾವ. ಬಿಟ್ಟುಬಿಡೂದ ಛಲೋ ಅನಸ್ತದ್ರಿ" ಎಂದಳು.

ಕಾರ್ಡೆಂದರೆ ಮೊಬೈಲಿನೊಳಗಿನ ಕಾರ್ಡು. ಒಂದು ಮುಖದಲ್ಲಿ ಜಪಾನಿ ಪದ, ಇನ್ನೊಂದರಲ್ಲಿ ಅರ್ಥ. ಯಾವ ಕಾರ್ಡನ್ನು ಯಾವ ದಿನ ತೋರಿಸಬೇಕೆಂಬುದನ್ನು ಯಂತ್ರವೇ ಗೊತ್ತುಮಾಡುತ್ತದೆ. ನಾನು ಅವಳೆದುರಿಗೇ ಲೆಕ್ಕ ಹಾಕಿದೆ. ಒಂದೊಂದಕ್ಕೆ ಇಪ್ಪತ್ತು ಸೆಕೆಂಡು ಹಿಡಿದರೆ ಐದು ತಾಸಿಗೂ ಮಿಕ್ಕಿತು. ಬಾಯಿಪಾಠದಲ್ಲಿ ನಾನು ಪಳಗಿದವನೆಂದು ನಂಬಿ ಬಂದಿದ್ದಳು ಪಾಪ. ಆ ಭಾಷೆಯ ಒಂದಕ್ಷರವೂ ನನಗೆ ಬಾರದು. "ಎರಡು ದಿನ ಬಿಟ್ಟು ಬಾರವ್ವಾ" ಎಂದು ಹೇಳಿ ಕಳಿಸಿ, ಆ ರಾತ್ರಿಯೇ ಜಪಾನಿ ಅಕ್ಷರಮಾಲೆಯನ್ನು ಮುಂದಿಟ್ಟುಕೊಂಡು ಕುಳಿತೆ.

ಮೊದಲನೆಯ ಸಾಲಿಗೇ ಆಶ್ಚರ್ಯವಾಯಿತು. ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಇದು ನಮ್ಮ ಅಂಕಲಿಪಿಯ ಕ್ರಮವೇ ಅಲ್ಲವೆ? ವಿಚಾರಿಸಿದರೆ ಸಂಗತಿ ಹೌದು. ದಕ್ಷಿಣ ಭಾರತದ ಭಿಕ್ಷು ಬೋಧಿಸೇನ 736ರಲ್ಲಿ ಜಪಾನಿಗೆ ಹೋಗಿ, 752ರಲ್ಲಿ ನಾರಾ ನಗರದ ಮಹಾಬುದ್ಧನ ನೇತ್ರೋನ್ಮೀಲನವನ್ನು ನಡೆಸಿಕೊಟ್ಟ. 804ರಲ್ಲಿ ಚೀನಕ್ಕೆ ಹೋದ ಕೂಕಾಯಿ ಎಂಬ ಜಪಾನಿ ಭಿಕ್ಷು ಸಂಸ್ಕೃತಾಕ್ಷರಗಳ ವಿದ್ಯೆಯನ್ನು ಕಲಿತು 806ರಲ್ಲಿ ಮರಳಿದ. 'ಸಿದ್ಧಂ' ಎಂಬ ಹೆಸರಿನ ಆ ಲಿಪಿಯ ಅಭ್ಯಾಸದಿಂದಲೇ ಜಪಾನಿನ ವರ್ಣಕ್ರಮ ರೂಪುಗೊಂಡಿತು. 'ಪ' ವರ್ಗ ಇರಬೇಕಾದ ಸ್ಥಳದಲ್ಲಿ 'ಹ' ಏಕಿದೆಯೆಂದರೆ, ಅವರ ಪ್ರಾಚೀನ ಭಾಷೆಯಲ್ಲಿ ಅದು 'ಪ'ಕಾರವೇ ಆಗಿತ್ತು. ನಮ್ಮ ಪಾಲು ಹಾಲಾದಂತೆ ಅವರ 'ಪ'ವೂ 'ಹ' ಆಯಿತು. ಹಳಗನ್ನಡ ಓದಿದವನಿಗೆ ಇದಕ್ಕಿಂತ ದೊಡ್ಡ ಸ್ವಾಗತ ಬೇಕೆ? ನಲವತ್ತಾರು ಮೂಲಾಕ್ಷರಗಳ ಒಂದು ಮಾಲೆ ಎರಡು ರಾತ್ರಿಗಳಲ್ಲಿ ವಶವಾಯಿತು. ನನ್ನ ಬುದ್ಧಿಯೇನೂ ಚುರುಕಲ್ಲ. ಹೊಸದನ್ನು ತೂಗುಹಾಕಲು ಹಳೆಯ ಗೂಟ ಮೊದಲೇ ಇತ್ತು, ಅಷ್ಟೆ.

ಆದರೆ ಕಾಂಜಿ ಎಂದು ಕರೆಯುವ ಚೀನೀ ಮೂಲದ ಚಿತ್ರಾಕ್ಷರಗಳಿಗೆ ಇಂಥ ಗೂಟವಿಲ್ಲ. ನಿತ್ಯವ್ಯವಹಾರಕ್ಕೆಂದು ಜಪಾನ್ ಸರ್ಕಾರ 2010ರಲ್ಲಿ ಗೊತ್ತುಮಾಡಿದ ಪಟ್ಟಿಯಲ್ಲಿಯೇ 2136 ಇವೆ. ಇಲ್ಲಿ ಉಜಳಣಿಯ ಹೊರತು ಗತ್ಯಂತರವಿಲ್ಲ.

ಉಜಳಣಿಯ ವಿದ್ಯೆಯಲ್ಲಿ ನಾವು ಹಿಂದೆ ಬಿದ್ದವರಲ್ಲ. ಏಳನೆಯ ಶತಮಾನದ ಕೊನೆಗೆ ಇಲ್ಲಿಗೆ ಬಂದ ಚೀನೀ ಯಾತ್ರಿಕ ಇತ್ಸಿಂಗ್, ನಮ್ಮ ಮಕ್ಕಳು ಆರನೆಯ ವರ್ಷಕ್ಕೆ ಸಿದ್ಧಂ ಕಲಿತು, ಎಂಟನೆಯ ವರ್ಷಕ್ಕೆ ಪಾಣಿನಿಯ ಸೂತ್ರಗಳನ್ನು ಹಿಡಿದು ಎಂಟು ತಿಂಗಳಲ್ಲಿ ಬಾಯಿಪಾಠ ಮಾಡುತ್ತಾರೆಂದು ಬರೆದಿದ್ದಾನೆ. ವೇದಪಾಠಿಗಳು ಪದ, ಕ್ರಮ, ಜಟೆ, ಘನ ಎಂದು ಒಂದೇ ಮಂತ್ರವನ್ನು ಹಿಂದುಮುಂದಾಗಿ ಹೆಣೆದು ಹೇಳಿ, ಒಂದು ಸ್ವರವೂ ಜಾರದಂತೆ ಕಾಪಾಡಿದರು. ಗಾವಠಿ ಸಾಲಿಗಳಲ್ಲಿ ಸಂಜೆಯ ಹೊತ್ತು ಮಗ್ಗಿಯ ಧ್ವನಿ ಓಣಿಯ ತುದಿಗೆ ಕೇಳುತ್ತಿತ್ತು; ಕಾಲು, ಅರೆ, ಮುಕ್ಕಾಲುಗಳ ಮಗ್ಗಿ ಕೂಡ.

ಇಷ್ಟಾದರೂ ಆ ಪದ್ಧತಿಯಲ್ಲಿ ಒಂದು ದೋಷವಿತ್ತೆಂದು ಒಪ್ಪಿಕೊಳ್ಳಬೇಕು. ಎಲ್ಲರೂ ಎಲ್ಲವನ್ನೂ ದಿನವೂ ಹೇಳಬೇಕು. ಎರಡರ ಮಗ್ಗಿ ಬಂದವನೂ ಹತ್ತೊಂಬತ್ತರ ಮಗ್ಗಿಯಲ್ಲಿ ಮುಗ್ಗರಿಸುವವನೂ ಒಂದೇ ಉಸಿರಿನಲ್ಲಿ ಎರಡೊಂದ್ಲೆ ಎರಡರಿಂದ ಹೊರಡಬೇಕು. ಬಂದದ್ದಕ್ಕೂ ಬಾರದ್ದಕ್ಕೂ ಅಲ್ಲಿ ಒಂದೇ ಬೆಲೆ. ಅಲ್ಲದೆ ಗುಂಪಿನ ಧ್ವನಿಯಲ್ಲಿ ಬಾರದವನ ಧ್ವನಿಯೂ ಸೇರಿ ಮರೆಯಾಗಿಬಿಡುತ್ತಿತ್ತು. ಈ ಎರಡನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ನಮ್ಮ ಹುಡುಗಿಯ ಕಷ್ಟದ ಬೇರು ಅಲ್ಲಿಯೇ ಇತ್ತು.

ಯಾವುದನ್ನು ಎಷ್ಟು ಮರೆಯುತ್ತೇವೆಂದು ಅಂಕಿಗಳಲ್ಲಿ ಬರೆದಿಟ್ಟ ಮೊದಲಿಗ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ಪ್ರಯೋಗಕ್ಕೆ ಬೇರೆಯವರನ್ನು ಹುಡುಕದೆ ತನ್ನನ್ನೇ ಒಡ್ಡಿಕೊಂಡ. ಅರ್ಥವಿಲ್ಲದ ಉಚ್ಚಾರಗಳನ್ನು ಸಾಲುಸಾಲಾಗಿ ಉರುಹೊಡೆದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಲಿತು, ಎರಡನೆಯ ಸಲ ಎಷ್ಟು ಶ್ರಮ ಉಳಿಯಿತೆಂದು ಅಳೆದ. 1885ರಲ್ಲಿ ಪ್ರಕಟವಾದ ಅವನ ಗ್ರಂಥದ ಪ್ರಕಾರ, ಒಂದು ತಾಸಾಗುವಷ್ಟರಲ್ಲಿ ಉಳಿತಾಯ ನೂರಕ್ಕೆ 44ಕ್ಕೆ ಇಳಿದಿತ್ತು. ಒಂದು ದಿನಕ್ಕೆ 34. ಒಂದು ತಿಂಗಳ ಮೇಲೂ 21 ಉಳಿದಿತ್ತು. ಮರವೆ ಮೊದಲು ಧುಮುಕುತ್ತದೆ, ಆಮೇಲೆ ನಿಧಾನವಾಗಿ ಹರಿಯುತ್ತದೆ. ಇನ್ನೊಂದು ಸಂಗತಿಯನ್ನೂ ಅವನು ಕಂಡ: ಹನ್ನೆರಡು ಉಚ್ಚಾರಗಳ ಸಾಲನ್ನು ಒಂದೇ ದಿನ 68 ಸಲ ಹೇಳಿದ್ದಕ್ಕೂ, ಮೂರು ದಿನಗಳಲ್ಲಿ ಹಂಚಿ 38 ಸಲ ಹೇಳಿದ್ದಕ್ಕೂ ಮರುದಿನದ ಫಲ ಸಮಸಮ. ನಡುವೆ ಬಿಡುವು ಕೊಟ್ಟರೆ ಹೆಚ್ಚುಕಡಿಮೆ ಅರ್ಧ ಕೆಲಸ ತಪ್ಪುತ್ತದೆಂದಾಯಿತು.

ಈ ಲೆಕ್ಕವನ್ನು ಸಾಮಾನ್ಯರ ಕೈಗೆ ಕೊಟ್ಟವನು ಸೆಬಾಸ್ಟಿಯನ್ ಲೈಟ್ನರ್ ಎಂಬ ಪತ್ರಕರ್ತ. 1972ರ ತನ್ನ ಪುಸ್ತಕದಲ್ಲಿ ಅವನು ಹೇಳಿದ್ದು ಒಂದು ಪೆಟ್ಟಿಗೆ, ಅದರಲ್ಲಿ ಐದು ಖಾನೆ. ಉತ್ತರ ಬಂದ ಚೀಟಿ ಮುಂದಿನ ಖಾನೆಗೆ ಹೋಗುತ್ತದೆ. ಅಲ್ಲಿ ಅದರ ಸರದಿ ತಡವಾಗಿ ಬರುತ್ತದೆ. ಬಾರದ ಚೀಟಿ ಮೊದಲ ಖಾನೆಗೆ ಮರಳುತ್ತದೆ. ದಿನ ಬಳಸುವ ತಂಬಿಗೆಗೆ ದಿನವೂ ಹುಣಿಸೆಹಣ್ಣು, ಅಟ್ಟದ ಹಂಡೆಗೆ ಹಬ್ಬಕ್ಕೊಮ್ಮೆ ಎಂಬ ನಮ್ಮ ಹೆಂಗಸರ ವಿವೇಕವೇ ಇದು. 1987ರಲ್ಲಿ ಪೋಲೆಂಡಿನ ಪಿಯೋತ್ರ್ ವೋಜ್ನಿಯಾಕ್ ಈ ಪೆಟ್ಟಿಗೆಯ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸಿ, ಪ್ರತಿ ಪದಕ್ಕೂ ಅದರದೇ ಅವಧಿಯನ್ನು ಲೆಕ್ಕಹಾಕುವಂತೆ ಮಾಡಿದ. 2006ರಲ್ಲಿ ಡೇಮಿಯನ್ ಎಲ್ಮ್ಸ್ ಎಂಬ, ತಾನೂ ಜಪಾನಿ ಕಲಿಯುತ್ತಿದ್ದವನು, ಹುಡುಗಿಯ ಮೊಬೈಲಿನಲ್ಲಿದ್ದ 'ಆಂಕಿ'ಯನ್ನು ರಚಿಸಿದ. ಆಂಕಿ ಎಂದರೆ ಜಪಾನಿಯಲ್ಲಿ ಬಾಯಿಪಾಠ!

ಹಾಗಾದರೆ ಇಷ್ಟು ಜಾಣ ಯಂತ್ರವಿದ್ದೂ ಒಂಬೈನೂರಾ ನಲವತ್ತು ಬಾಕಿ ಏಕೆ ಉಳಿಯಿತು? ಎರಡು ದಿನಗಳ ಮೇಲೆ ಅವಳು ಬಂದಾಗ, "ನನ್ನ ಮುಂದೇ ಮಾಡವ್ವಾ, ನೋಡೋಣ" ಎಂದೆ.

ಮೂರು ತಪ್ಪುಗಳು ಕಂಡವು. ಮೊದಲನೆಯದು ಆತುರ. ಪರೀಕ್ಷೆ ಹತ್ತಿರ ಬಂತೆಂದು ದಿನಕ್ಕೆ ಮೂವತ್ತು ಹೊಸ ಕಾರ್ಡು ಹಾಕುತ್ತಿದ್ದಳು. ಇಂದು ಹಾಕಿದ ಒಂದು ಹೊಸ ಕಾರ್ಡು ಮುಂದೆ ಹಲವು ದಿನಗಳ ಸಾಲ. ನಿತ್ಯದ ಉಜಳಣಿ ಹೊಸದರ ಏಳೆಂಟು ಪಟ್ಟಿಗೆ ಏರುತ್ತದೆಂಬುದು ನನ್ನ ಸ್ವಂತ ಅನುಭವವೂ ಆಗಿದೆ. ಎರಡನೆಯದು ತುರುಕುವಿಕೆ. ಹುಟ್ಟು, ಬಾಳು, ಹಸಿ ಎಂಬ ಅರ್ಥಗಳುಳ್ಳ ಒಂದು ಕಾಂಜಿಗೆ ಸೇಯಿ, ಶೋ, ಇಕಿರು, ಉಮರೆರು, ನಮ ಎಂಬ ಓದುಗಳನ್ನೆಲ್ಲ ಒಂದೇ ಕಾರ್ಡಿನಲ್ಲಿ ಬರೆದಿದ್ದಳು. ನಾಲ್ಕು ನೆನಪಾಗಿ ಐದನೆಯದು ಬಾರದಿದ್ದರೆ ಅದು ಬಂದಂತೆಯೋ, ಬಾರದಂತೆಯೋ? ಆ ಚಿಂತೆಯಲ್ಲಿಯೇ ಅರ್ಧ ನಿಮಿಷ ಕಳೆಯುತ್ತಿತ್ತು.

ಮೂರನೆಯದು ನನ್ನ ಮನಸ್ಸಿಗೆ ಚುಚ್ಚಿತು. ಉತ್ತರ ಬಾರದಾಗ ಅವಳು 'ಮರೆತೆ' ಎಂಬ ಗುಂಡಿಯನ್ನು ಒತ್ತುತ್ತಲೇ ಇರಲಿಲ್ಲ. ಬಹಳ ಹೊತ್ತು ನೋಡುವಳು. ತಿರುಗಿಸಿ ಉತ್ತರ ಕಂಡು, "ಹೌದು, ಗೊತ್ತಿತ್ತು" ಎಂದು 'ಬಂತು' ಒತ್ತುವಳು. ಯಂತ್ರ ಪಾಪ, ಅದನ್ನು ನಂಬಿ ಆ ಪದವನ್ನು ತಿಂಗಳಾಚೆಗೆ ಕಳಿಸುವುದು. ತಿಂಗಳ ಮೇಲೆ ಬಂದಾಗ ಮತ್ತೆ ಅದೇ ಕಥೆ.

"ಯಾಕವ್ವಾ, ಮರೆತೆ ಅನ್ನಲಿಕ್ಕೆ ಏನು ಅಡ್ಡಿ?" ಎಂದೆ.

ತಲೆ ತಗ್ಗಿಸಿ ನಕ್ಕಳು. "ಕ್ಲಾಸಿನ್ಯಾಗ ಮರೆತೆ ಅಂದರ ನೀವು ನಿಲ್ಲಸ್ತಿದ್ರಿ ಸರ್."

ನಿಜ. ಪದ್ಯ ಒಪ್ಪಿಸಲು ಬಾರದವರನ್ನು ಬೆಂಚಿನ ಬಳಿ ನಿಲ್ಲಿಸುವ ಚಾಳಿ ನನಗಿತ್ತು. ನಿಂತವರು ಪದ್ಯವನ್ನು ಕಲಿತರೋ ಇಲ್ಲವೋ. ಮರವೆಯನ್ನು ಮುಚ್ಚಿಡುವ ವಿದ್ಯೆಯನ್ನಂತೂ ಚೆನ್ನಾಗಿ ಕಲಿತಿದ್ದರು. ಗುಂಪಿನ ಮಗ್ಗಿಯಲ್ಲಿ ಧ್ವನಿ ಸೇರಿಸುವ ಹುಡುಗನಿಗೂ ಇವಳಿಗೂ ಏನು ಭೇದ?

ಆಗ ನೆನಪಾದದ್ದು ನಮ್ಮ ಜಿಲ್ಲೆಯದೇ ಮುಂಡಗೋಡ. 1966ರಲ್ಲಿ ಅಲ್ಲಿ ಟಿಬೇಟಿಯನ್ ನಿರಾಶ್ರಿತರ ವಸಾಹತು ಆಯಿತು. ಡ್ರೆಪುಂಗ್, ಗಾಂದೆನ್ ಎಂಬ ಪ್ರಸಿದ್ಧ ವಿಹಾರಗಳು ಅಲ್ಲಿ ಮರುಹುಟ್ಟು ಪಡೆದವು. ಆ ಪರಂಪರೆಯ ಭಿಕ್ಷುಗಳು ಗ್ರಂಥಗಳನ್ನು ಗಟ್ಟಿಯಾಗಿ ಪಠಿಸಿ ಕಂಠಸ್ಥ ಮಾಡುವುದಷ್ಟೇ ಅಲ್ಲ, ಅಂಗಳದಲ್ಲಿ ವಾದಕ್ಕೂ ಇಳಿಯುತ್ತಾರೆ. ನಿಂತವನು ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುತ್ತಾನೆ. ಕುಳಿತವನು ಪುಸ್ತಕವಿಲ್ಲದೆ ಆಗಿಂದಾಗಲೇ ಉತ್ತರ ಹೇಳಬೇಕು. ತಪ್ಪಿದರೆ ಎಲ್ಲರೆದುರಿಗೇ ತಪ್ಪಿದಂತೆ. ಮರುದಿನ ಮತ್ತೆ ಅದೇ ಅಂಗಳ. ಮರವೆಯನ್ನು ಬೆಳಕಿಗೆ ತರುವುದೇ ಅಲ್ಲಿ ಕಲಿಕೆಯ ಭಾಗ. ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ ಪುಸ್ತಕ ಮುಚ್ಚಿ ನೆನೆದವರಿಗೆ ವಾರದ ಮೇಲೆ ಹೆಚ್ಚು ಉಳಿಯುತ್ತದೆಂದು ಅಮೆರಿಕದ ರೋಡಿಗರ್, ಕಾರ್ಪಿಕೆ ಎಂಬಿಬ್ಬರು 2006ರಲ್ಲಿ ಪ್ರಯೋಗದಿಂದ ತೋರಿಸಿದರು. ಐದು ನಿಮಿಷದ ಮೇಲೆ ಕೇಳಿದರೆ ಮಾತ್ರ ಓದಿದವರದೇ ಮೇಲುಗೈ; ಆದ್ದರಿಂದಲೇ ಬರಿಯ ಓದು ನಮ್ಮನ್ನು ಮೋಸಗೊಳಿಸುತ್ತದೆ.

ಇಬ್ಬರೂ ಕೂಡಿ ಒಂದು ಕಟ್ಟಳೆ ಮಾಡಿಕೊಂಡೆವು. ಬಾಕಿ ತೀರುವವರೆಗೆ ಒಂದೂ ಹೊಸ ಕಾರ್ಡು ಬೇಡ. ಒಂದು ಕಾರ್ಡಿಗೆ ಒಂದೇ ಪ್ರಶ್ನೆ; ಕಾಂಜಿಯ ಓದುಗಳ ಪಟ್ಟಿ ಬೇಡ, ಅದು ಬರುವ ಪದ ಸಾಕು. ಮನಸ್ಸಿನಲ್ಲಿ ಎಂಟು ಎಣಿಸುವುದರೊಳಗೆ ಬಾರದಿದ್ದರೆ ಅಳುಕದೆ 'ಮರೆತೆ'. ಎಂಟು ಸಲ ತಪ್ಪಿದ ಕಾರ್ಡಿಗೆ ಆಂಕಿ 'ಜಿಗಣೆ' ಎಂದು ಹೆಸರಿಟ್ಟು ಪಕ್ಕಕ್ಕೆ ಸರಿಸುತ್ತದೆ. ಮಳೆಗಾಲದಲ್ಲಿ ಜೋಯಿಡಾದ ಕಾಡು ಹೊಕ್ಕವರಿಗೆ ಈ ಹೆಸರಿನ ಔಚಿತ್ಯವನ್ನು ಹೇಳಬೇಕಾಗಿಲ್ಲ. ಸದ್ದಿಲ್ಲದೆ ಹತ್ತಿ ರಕ್ತ ಹೀರುವ ಅಂಥ ಕಾರ್ಡುಗಳನ್ನು ಕಿತ್ತು, ಬೇರೆ ವಾಕ್ಯದಲ್ಲಿಟ್ಟು ಹೊಸದಾಗಿ ಬರೆಯುವುದು. ಕೊನೆಯದಾಗಿ, ನೂರಕ್ಕೆ ತೊಂಬತ್ತು ನೆನಪಿದ್ದರೆ ತೃಪ್ತಿ. ತೊಂಬತ್ತೇಳು ಬೇಕೆಂದು ಹಟ ಹಿಡಿದರೆ ಹೊರೆ ಎಷ್ಟೋ ಪಟ್ಟು ಏರುತ್ತದೆ. ಹತ್ತರಲ್ಲೊಂದನ್ನು ಮರೆಯಲು ಒಪ್ಪಿದವನಿಗೇ ಒಂಬತ್ತು ಅಗ್ಗವಾಗಿ ದಕ್ಕುತ್ತವೆ.

ಮೊದಲ ವಾರ ಅವಳ ಮುಖ ಬಾಡಿತ್ತು. 'ಮರೆತೆ'ಗಳ ರಾಶಿಯೇ ಬಿದ್ದಿತ್ತು. ಮೂರನೆಯ ವಾರಕ್ಕೆ ಬಾಕಿ ತೀರಿತು. ಆಮೇಲೆ ದಿನಕ್ಕೆ ಎಂಟೇ ಹೊಸ ಕಾರ್ಡು. ಉಜಳಣಿಗೆ ಅರವತ್ತೋ ಎಪ್ಪತ್ತೋ ಬರುವವು. ಬಸ್ಸು ಬರುವುದರೊಳಗೆ, ಹತ್ತು ನಿಮಿಷದಲ್ಲಿ, ನಿಲ್ದಾಣದಲ್ಲಿಯೇ ಮುಗಿಯುತ್ತಿತ್ತು. ಬೆರಳು ಚುರುಕಾಗಿ ಓಡಿದ್ದರಿಂದಲ್ಲ. ಮುಚ್ಚಿಡುವ ಕೆಲಸ ತಪ್ಪಿದ್ದರಿಂದ.

ಭಾಷೆಯ ಪರೀಕ್ಷೆಯಲ್ಲಿ ಮೊದಲ ಸಲ ಸ್ವಲ್ಪದರಲ್ಲಿ ತಪ್ಪಿತು. ಎರಡನೆಯ ಸಲ ಪಾಸಾದಳು. ಆರೈಕೆಯ ಕೆಲಸದ ಪರೀಕ್ಷೆ ಇನ್ನೂ ಮುಂದಿದೆ. ತಂದೆಯ ಸಾಲವೂ ತೀರಿಲ್ಲ. ನಾನು ಮಾತ್ರ ನನ್ನ ತರಗತಿಯಲ್ಲಿ ಪದ್ಯ ಒಪ್ಪಿಸುವಾಗ "ಮರೆತೆ" ಎಂದವರನ್ನು ನಿಲ್ಲಿಸುವುದನ್ನು ಬಿಟ್ಟಿದ್ದೇನೆ. ಎಲ್ಲಿ ಮರೆತರೆಂದು ಕೇಳಿ, ಆ ಸಾಲನ್ನಷ್ಟೇ ನಾಳೆಗೆ ಹೇಳುತ್ತೇನೆ. ಪದ್ಯಗಳು ಮೊದಲಿಗಿಂತ ಬೇಗ ಬರುತ್ತಿವೆ.

ನನ್ನ ಜಪಾನಿಯೂ ಕುಂಟುತ್ತ ಸಾಗಿದೆ. ಆ ತುಂಬಿ ತುಳುಕಿದ ಕಾರ್ಡಿನ ಕಾಂಜಿ ಈಗ ನನಗೆ ಒಂದು ಪದದಲ್ಲಿ ಗಟ್ಟಿಯಾಗಿದೆ: 'ಸೆನ್ಸೇಯಿ'. ಗುರು ಎಂದರ್ಥ, ಅಕ್ಷರಶಃ ಮೊದಲು ಹುಟ್ಟಿದವನು. ಮೊನ್ನೆ ಹುಡುಗಿ ನನ್ನನ್ನು ಹಾಗೆಂದೇ ಕರೆದಳು. ಮೊದಲು ಹುಟ್ಟಿದ್ದೇನೋ ಹೌದು. ಆದರೆ ಅವಳು ಕೂಡಲೇ ಮೂವತ್ತು ಪದಗಳನ್ನು ಕೇಳಿದಾಗ ಐದು ಸಲ ನಾನು "ಮರೆತೆ" ಎನ್ನಬೇಕಾಯಿತು.