ಸ್ವತಂತ್ರ ಫೈಬರ್ ಬ್ರಾಡ್‌ಬ್ಯಾಂಡ್ (ಭಾರತ): ಇತಿಹಾಸ

ಹಳೆಯ ದೂರವಾಣಿ ಜಾಲದ ಆಸರೆಯಿಲ್ಲದೆ, ತಮ್ಮದೇ ಕೇಬಲ್ ಎಳೆದು ಮನೆಮನೆಗೆ ಇಂಟರ್ನೆಟ್ ಕೊಡುವ ಕಂಪನಿಗಳ ಸೇವೆ. ಬೆಂಗಳೂರು ಮೂಲದ ಆಕ್ಟ್ ಫೈಬರ್‌ನೆಟ್, ಕೇಬಲ್ ಆಪರೇಟರುಗಳೇ ಕೂಡಿ ಕಟ್ಟಿದ ಕೇರಳ ವಿಷನ್ ಇವುಗಳಲ್ಲಿ ದೊಡ್ಡವು.

ಸರ್ಕಾರಿ ಕಂಪನಿಯಾಗಿದ್ದ ವಿ.ಎಸ್.ಎನ್.ಎಲ್. 1995ರ ಆಗಸ್ಟ್ 15ರಂದು ಜನಸಾಮಾನ್ಯರಿಗೆ ಇಂಟರ್ನೆಟ್ ಒದಗಿಸಿತು. 1998ರ ನವೆಂಬರ್‌ನಲ್ಲಿ ಅದರ ಏಕಸ್ವಾಮ್ಯ ಮುಗಿಯಿತು. ಆದರೂ ಖಾಸಗಿ ಡಯಲ್‌ಅಪ್ ಕಂಪನಿಗಳು ಗ್ರಾಹಕರ ಮನೆ ಮುಟ್ಟಲು ಬೇರೆಯವರ ಫೋನ್ ತಂತಿಯನ್ನೇ ನಂಬಬೇಕಿತ್ತು.

ಸ್ಪರ್ಧೆಯ ಕಥೆಯನ್ನು ಜನಪ್ರಿಯ ಬರಹಗಳು ಸಾಮಾನ್ಯವಾಗಿ ರಿಲಯನ್ಸ್‌ನ ಜಿಯೋಫೈಬರ್ ಮಾರುಕಟ್ಟೆಗೆ ಬಂದ 2019ರ ಸೆಪ್ಟೆಂಬರ್ 5ರಿಂದ ಆರಂಭಿಸುತ್ತವೆ. ದಾಖಲೆಗಳನ್ನು ನೋಡಿದರೆ ಅದಕ್ಕಿಂತ ದೊಡ್ಡ ತಿರುವು ಕಾಣುವುದು 2004ರಲ್ಲಿ. ಸರ್ಕಾರಿ ದೂರವಾಣಿ ಕಂಪನಿಗಳಾದ ಬಿ.ಎಸ್.ಎನ್.ಎಲ್. ಮತ್ತು ಎಂ.ಟಿ.ಎನ್.ಎಲ್. ತಮ್ಮ ತಾಮ್ರದ ತಂತಿಗಳನ್ನು ಇತರ ಕಂಪನಿಗಳಿಗೂ ಬಳಸಲು ಕೊಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಆ ವರ್ಷ ಶಿಫಾರಸು ಮಾಡಿತು. ಅಕ್ಟೋಬರ್‌ನಲ್ಲಿ ಬಂದ ಕೇಂದ್ರ ಸರ್ಕಾರದ ಬ್ರಾಡ್‌ಬ್ಯಾಂಡ್ ನೀತಿ ಇದನ್ನು ಕಡ್ಡಾಯ ಮಾಡದೆ, ಕಂಪನಿಗಳ ಪರಸ್ಪರ ಒಪ್ಪಂದಕ್ಕೆ ಬಿಟ್ಟಿತು. ಆ ನೀತಿಯನ್ನು ಈಗ ನೆನೆಯುವುದು 256 ಕೆಬಿಪಿಎಸ್ ಎಂಬ ಕನಿಷ್ಠ ವೇಗಕ್ಕಾಗಿ. ಮುಂದಿನ ಹಾದಿಯನ್ನು ನಿರ್ಧರಿಸಿದ್ದು ಮಾತ್ರ ಅದು ಕೈಬಿಟ್ಟ ಶಿಫಾರಸು. ಬಾಡಿಗೆಗೆ ತಂತಿ ಸಿಗದವರು ತಾವೇ ಎಳೆಯಬೇಕಾಯಿತು.

ಎಳೆಯುವ ಕಸುಬು ಬಲ್ಲವರು ಊರಲ್ಲಿ ಆಗಲೇ ಇದ್ದರು. 1990ರ ದಶಕದಿಂದ ಮನೆಗಳಿಗೆ ಟಿ.ವಿ. ಚಾನೆಲ್ ತಲುಪಿಸುತ್ತಿದ್ದ ಕೇಬಲ್ ಆಪರೇಟರುಗಳಿಗೆ ಯಾವ ಕಂಬದಿಂದ ಯಾವ ಮರಕ್ಕೆ, ಯಾರ ತಾರಸಿಯ ಮೇಲೆ ಹಾದು ಹೋಗಬಹುದು ಎಂಬುದು ಬಾಯಿಪಾಠ. ತಿಂಗಳ ಹಣ ವಸೂಲಿಗೂ ಅವರದೇ ಹುಡುಗರು. 2000ದಲ್ಲಿ ಸ್ಥಾಪನೆಯಾದ ಏಟ್ರಿಯಾ ಕನ್ವರ್ಜೆನ್ಸ್ ಟೆಕ್ನಾಲಜೀಸ್, ಅಂದರೆ ಇಂದಿನ ಆಕ್ಟ್, ಬೆಂಗಳೂರಿನಲ್ಲಿ ಬೆಳೆದದ್ದೂ ಕೇಬಲ್ ಟಿ.ವಿ. ವ್ಯವಹಾರದ ಜೊತೆಯಲ್ಲೇ. ಮುಂದೆ ಅದು ಹೈದರಾಬಾದಿನ ಬೀಮ್ ಸಂಸ್ಥೆಯನ್ನು ಕೊಂಡು, 2017ರಲ್ಲಿ ಆ ನಗರದಲ್ಲಿ 1 ಜಿಬಿಪಿಎಸ್ ಸೇವೆ ತಂದಿತು.

ಮೊದಲು ಫೈಬರ್ ಕೊಟ್ಟವರು ಯಾರು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಬಹುಕಾಲ ಫೈಬರ್ ಬರುತ್ತಿದ್ದುದು ಬೀದಿಯ ಅಥವಾ ತಾರಸಿಯ ಒಂದು ಪೆಟ್ಟಿಗೆಯವರೆಗೆ. ಅದರೊಳಗಿನ ಸ್ವಿಚ್‌ನಿಂದ ಮನೆಗೆ ಬರುತ್ತಿದ್ದುದು ತಾಮ್ರದ ಈಥರ್‌ನೆಟ್ ಕೇಬಲ್. ಪೆಟ್ಟಿಗೆಗೆ ಕರೆಂಟ್ ಹೋಗಿ ಬ್ಯಾಟರಿಯೂ ಇಳಿದರೆ, ಮನೆಯಲ್ಲಿ ಯುಪಿಎಸ್ ಇದ್ದರೂ ಇಂಟರ್ನೆಟ್ ಇಲ್ಲ. ಮನೆಯೊಳಗೇ ಫೈಬರ್ ತರುವ ಜಿಪಾನ್ ಪದ್ಧತಿಯಲ್ಲಿ ಈ ತೊಂದರೆ ಕಡಿಮೆ. ಅಲ್ಲಿ ಬೀದಿಯಲ್ಲಿರುವುದು ವಿದ್ಯುತ್ ಬೇಡದ ಸ್ಪ್ಲಿಟರ್, ಸುಮಾರು 2.5 ಜಿಬಿಪಿಎಸ್‌ನ ಒಂದೇ ಎಳೆಯನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಎಳೆ ತುಂಡಾದರೆ ಗಂಟು ಹಾಕುವಂತಿಲ್ಲ: ಕೂದಲಷ್ಟು ತೆಳ್ಳಗಿನ ಗಾಜಿನ ಸಿಪ್ಪೆ ಸುಲಿದು, ಒರೆಸಿ, ತುದಿ ನೇರ ಕತ್ತರಿಸಿ, ಸ್ಪ್ಲೈಸಿಂಗ್ ಯಂತ್ರದ ವಿದ್ಯುತ್ ಕಿಡಿಯಲ್ಲಿ ಬೆಸೆಯಬೇಕು. ಜಾಹೀರಾತುಗಳು ಎರಡು ಪದ್ಧತಿಗಳನ್ನೂ ಫೈಬರ್ ಎಂದೇ ಕರೆದಿದ್ದರಿಂದ, ಆ ಕಾಲದ ಹೇಳಿಕೆಗಳನ್ನು ಕೇಬಲ್ ಎಲ್ಲಿಯವರೆಗೆ ಬಂದಿತ್ತು ಎಂದು ನೋಡದೆ ಹೋಲಿಸುವಂತಿಲ್ಲ.

ತೂಗಾಡುವ ಕೇಬಲ್‌ಗಳ ವಿಚಾರದಲ್ಲಿ ಬೆಂಗಳೂರಿನ ನಗರಪಾಲಿಕೆಗೂ ಕಂಪನಿಗಳಿಗೂ ತಿಕ್ಕಾಟ ತಪ್ಪಿದ್ದಿಲ್ಲ. ಟೆಂಡರ್‌ಶ್ಯೂರ್ ಎಂಬ ನಗರ ರಸ್ತೆ ಯೋಜನೆಯಲ್ಲಿ ನೆಲದಡಿ ಕೊಳವೆಗಳನ್ನಿಟ್ಟದ್ದು ಬೆರಳೆಣಿಕೆಯ ರಸ್ತೆಗಳಿಗೆ ಸಿಕ್ಕ ಪರಿಹಾರ.

2018ರಲ್ಲಿ ರಿಲಯನ್ಸ್ ಸಮೂಹ ಹ್ಯಾಥ್‌ವೇ ಮತ್ತು ಡೆನ್ ಕೇಬಲ್ ಕಂಪನಿಗಳಲ್ಲಿ ಬಹುಪಾಲು ಷೇರು ಕೊಳ್ಳುವುದಾಗಿ ಪ್ರಕಟಿಸಿತು. ಬಿ.ಎಸ್.ಎನ್.ಎಲ್. ಮತ್ತು ಏರ್‌ಟೆಲ್ ಸ್ಥಳೀಯ ಆಪರೇಟರುಗಳ ಜೊತೆ ವರಮಾನ ಹಂಚಿಕೆಯ ಒಪ್ಪಂದಕ್ಕೆ ಬಂದವು. ಟ್ರಾಯ್ ಪಟ್ಟಿಯಲ್ಲಿ ಜಿಯೋ, ಏರ್‌ಟೆಲ್, ಬಿ.ಎಸ್.ಎನ್.ಎಲ್. ನಂತರದ ಸ್ಥಾನಗಳಲ್ಲಿ 20 ಲಕ್ಷಕ್ಕೂ ಹೆಚ್ಚು ಗ್ರಾಹಕರ ಆಕ್ಟ್, 10 ಲಕ್ಷ ದಾಟಿದ ಕೇರಳ ವಿಷನ್ ಕಾಣಿಸಿಕೊಂಡಿವೆ. ಆದರೆ ಆ ಪಟ್ಟಿ ಎಣಿಸುವುದು ಪರವಾನಗಿದಾರರ ಗ್ರಾಹಕರನ್ನು. ದೊಡ್ಡ ಕಂಪನಿಯ ಹೆಸರಿನಲ್ಲಿ ಬಿಲ್ ಬಂದರೂ ಬೀದಿಯ ಆಪರೇಟರನೇ ಕೇಬಲ್ ಎಳೆದು ನೋಡಿಕೊಳ್ಳುವ ಮನೆಗಳು ಅದರಲ್ಲಿ ಸೇರುವುದು ದೊಡ್ಡ ಕಂಪನಿಯ ಲೆಕ್ಕಕ್ಕೆ.