ಗ್ವಾಡಿಗೆ ಸ್ಟಿಕರ್ ಹಚ್ಚೂಕಿಂತ ಮೊದಲ

ಶ್ರಾವಣದಾಗ ಜಿವತಿ ಪಟ ಹಚ್ಚೂಕಿಂತ ಮೊದಲ ನಮ್ಮವ್ವ ಗ್ವಾಡಿ ಮ್ಯಾಲೆ ಅಂಗೈ ಒರಸಿ ನೋಡ್ತಿದ್ದಳು. ಕೈಗೆ ಸುಣ್ಣ ಹತ್ತಿದ್ರ ಅಲ್ಲೆ ಮೈದಾದ ಅಂಟು ನಿಲ್ಲೂದಿಲ್ಲ, ಪಟ ಸುಣ್ಣದ ಪುಡಿ ಹೊತಗೊಂಡ ಕೆಳಗ ಬೀಳ್ತದ. ಅಂಟು ಹಿಡಿಯೂದು ಗ್ವಾಡಿನ್ನ ಅಲ್ಲ, ಮ್ಯಾಲಿನ ಪದರನ್ನ. ಇದನ್ನ ಮರತು ಹೋದ ವರ್ಷ ಮೊಮ್ಮಗನ ಖೋಲಿ ಟೆಕ್ಸ್ಚರ್ ಗ್ವಾಡಿಗೆ ನಾ ಹಚ್ಚಿದ ಆನಿ ಸ್ಟಿಕರ್ ಎಂಟ ದಿನದಾಗ ಸುರುಳಿ ಸುತ್ತಿತು. ಹುಡುಗ ಅತ್ತಾ. ನಾ ಅಂಗಡಿಯಂವಗ ಬೈದೆ, ತಪ್ಪು ನಂದ ಇತ್ತು.

ಈ ಹಾಳಿ ಇವತ್ತಿನದಲ್ಲ. ಗಡಸು ಪಿವಿಸಿಯನ್ನ ಮೆತ್ತಗ ಮಾಡೂ ದಾರಿ ಅಮೆರಿಕಾದ ವಾಲ್ಡೊ ಸೆಮನ್‌ಗ 1926ರಾಗ ಸಿಕ್ತು. ನೀರು ಹಚ್ಚದನ ಅಂಟೂ ಚೀಟಿ ಸ್ಟ್ಯಾಂಟನ್ ಏವರಿ ಅಲ್ಲೇ 1935ರಾಗ ಮಾಡಿದ. ಎರಡೂ ಕೂಡಿದ್ದ ನಮ್ಮ ವಿನೈಲ್ ಸ್ಟಿಕರ್.

ನಮ್ಮ ಗ್ವಾಡಿನೂ ಬದಲಾದ್ವು ನೋಡ್ರಿ: ಸುಣ್ಣ ಹೋಗಿ ಡಿಸ್ಟೆಂಪರ್, ಆಮ್ಯಾಲೆ ಎಮಲ್ಶನ್, ಈಗ ಟೆಕ್ಸ್ಚರ್. ಡಿಸ್ಟೆಂಪರ್ ಪುಡಿ ಬಿಡ್ತಿದ್ರ ಬ್ಯಾಡೇ ಬ್ಯಾಡ. ಎಮಲ್ಶನ್ ಛಲೋ, ಆದ್ರ ಹೊಸಾ ಬಣ್ಣ ಮೂರ್-ನಾಕು ವಾರ ಒಣಗಲಿ. ಕಲೆ ಹಿಡೀದ ಬಣ್ಣ ಅಂತ ಮಾರ್ತಾರಲ್ಲ, ಅದು ಒಮ್ಮೊಮ್ಮೆ ಅಂಟನ್ನೂ ಹಿಡಿಯೂದಿಲ್ಲ. ಮೂಲ್ಯಾಗ ಸಣ್ಣ ತುಂಡು ಹಚ್ಚಿ ವಾರ ನೋಡ್ರಿ. ಟೆಕ್ಸ್ಚರ್ ಮ್ಯಾಲೆ ಹಾಳಿ ಬರೇ ಉಬ್ಬಿಗೆ ಕೂಡ್ತದ, ತಗ್ಗಿನಾಗ ಗಾಳಿ ಉಳದು ಅಂಚು ಏಳ್ತದ. ಸಣ್ಣ ಎಲಿ, ಅಕ್ಷರ ಅಲ್ಲೆ ಹಚ್ಚಬ್ಯಾಡ್ರಿ. ಬಿಸಿ ಗಾಳಿ ಕೊಟ್ಟು ಒತ್ತೂ ತೆಳು ಕಾಸ್ಟ್ ವಿನೈಲ್ ಸಿಗ್ತದ, ಆದ್ರ ತುಟ್ಟಿ, ಮನ್ಯಾಗ ನಮ್ಮಿಂದ ಆಗೂ ಕೆಲಸನೂ ಅಲ್ಲ.

ಹೊಸಾ ಆನಿ ಈಗ ಕಪಾಟಿನ ನುಣುಪು ಬಾಗಲದ ಮ್ಯಾಲೆ ಕೂತದ.