ಮೇಜಿನ ಮೇಲಿನ ಚಂದ್ರಲೋಕ

ಪುಸ್ತಕದಂಗಡಿಗೆ ಹೋದವರು ಮೊದಲು ನೋಡುವುದು ಪುಸ್ತಕವನ್ನಲ್ಲ, ಅದರ ಹೊದಿಕೆಯನ್ನು. ಲೇಖಕನು ವರ್ಷಗಟ್ಟಲೆ ಕುಳಿತು ಬರೆದದ್ದೆಲ್ಲ ಒಳಗಿರುತ್ತದೆ. ಅದನ್ನು ಕೈಗೆತ್ತಿಕೊಳ್ಳುವಂತೆ ಮಾಡುವ ಭಾರ ಮಾತ್ರ ಮೇಲಿನ ಒಂದು ಚಿತ್ರದ್ದು. ಹಿಂದೆ ಹೀಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಇಂಗ್ಲೆಂಡಿನ ಪುಸ್ತಕಗಳಿಗೆ ಸುತ್ತುತ್ತಿದ್ದ ಕಾಗದವು ಧೂಳು ತಗುಲದಿರಲೆಂದು ಹಾಕಿದ ಬರಿಯ ಹೊದಿಕೆ. ಕೊಂಡವರು ಅದನ್ನು ತೆಗೆದು ಎಸೆದುಬಿಡುತ್ತಿದ್ದರು. ಅದರ ಮೇಲೆ ಚಿತ್ರ ಬಂದು ನೆಲಸಿದ್ದು ಆಮೇಲೆ. ಹಾಗೆ ಬಂದ ಚಿತ್ರಗಳಲ್ಲಿ ಒಂದು ಬಗೆ ನನಗೆ ಬಹಳ ಕಾಲದಿಂದ ಕುತೂಹಲ ಹುಟ್ಟಿಸಿದೆ. ಒಂದು ಬೆಟ್ಟವನ್ನೋ ಕೋಟೆಯನ್ನೋ ಬೀದಿಯನ್ನೋ ಕೈಯಿಂದ ಪುಟ್ಟದಾಗಿ ಮಾಡಿ, ಮೇಜಿನ ಮೇಲಿಟ್ಟು, ಬೆಳಕು ಬೀಳಿಸಿ, ಛಾಯಾಚಿತ್ರ ತೆಗೆದು, ಅದನ್ನು ತಿದ್ದಿ ತೀಡಿ, ಸಾಕ್ಷಾತ್ ದೃಶ್ಯವೆನ್ನುವಂತೆ ಅಚ್ಚುಹಾಕುವ ಬಗೆ ಅದು.

ಈ ವಿದ್ಯೆಯ ಮೊದಲ ಪಾಠವನ್ನು ನಮ್ಮವರಿಗೆ ಹೇಳಿಕೊಡಬೇಕಾದ್ದಿಲ್ಲ. ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಗಳಲ್ಲಿ ರಾಗಿಯ ಪೈರೇ ಹುಲ್ಲುಗಾವಲು, ಕನ್ನಡಿಯೇ ಕೆರೆ, ಇದ್ದಿಲ ಚೂರೇ ಬಂಡೆ. ಆದರೂ ಅದನ್ನು ನೋಡಿ ಯಾರೂ ಮೋಸ ಹೋಗುವುದಿಲ್ಲ. ಏಕೆಂದರೆ ಕೆರೆಯ ಪಕ್ಕದಲ್ಲಿಯೇ ಹಲಗೆಯ ಅಂಚು ಕಾಣುತ್ತದೆ, ಅದರಾಚೆ ಕುಂಕುಮದ ತಟ್ಟೆ ಕಾಣುತ್ತದೆ. ಕ್ಯಾಮೆರಾ ಮಾಡುವ ಕೆಲಸವೆಲ್ಲ ಇಷ್ಟೆ: ಆ ಹಲಗೆಯ ಅಂಚನ್ನು ಬಿಟ್ಟುಬಿಡುತ್ತದೆ. ಅಂಚು ಹೋಯಿತೆಂದರೆ ಕನ್ನಡಿ ಕೆರೆಯಾಗುತ್ತದೆ.

ಇದನ್ನು ನಾನು ಕೈಯಾರೆ ಮಾಡಿ ನೋಡಿದ್ದೇನೆ. ಪಾಳೆಯಗಾರರ ಕಾಲದ ಬಗ್ಗೆ ಮಿತ್ರರೊಬ್ಬರು ಪುಸ್ತಕ ಬರೆದರು. ಅದರ ಮುಖಪುಟಕ್ಕೆಂದು ನಾನು ರಟ್ಟು, ಜೇಡಿಮಣ್ಣು, ಮರಳುಗಳಿಂದ ಒಂದು ಮಣ್ಣಿನ ಕೋಟೆಯನ್ನು ಕಟ್ಟಿದೆ. ಅಗಲ ಎರಡು ಅಡಿ, ಎತ್ತರ ಒಂದು ಗೇಣು. ಕ್ಯಾಮೆರಾವನ್ನು ಅಂಗುಲದೆತ್ತರದ ಮನುಷ್ಯನೊಬ್ಬನ ಕಣ್ಣಿನ ಮಟ್ಟಕ್ಕೆ ಇಳಿಸಬೇಕು, ಇಲ್ಲದಿದ್ದರೆ ಆಟಿಕೆಯೆಂಬುದು ಒಡನೆ ತಿಳಿಯುತ್ತದೆ. ದೀಪ ಒಂದೇ ಇರಬೇಕು, ಏಕೆಂದರೆ ಸೂರ್ಯ ಒಬ್ಬನೇ. ಎರಡು ನೆರಳು ಬಿದ್ದರೆ ಗುಟ್ಟು ರಟ್ಟಾಯಿತು. ಮಸೂರದ ರಂಧ್ರವನ್ನು ಆದಷ್ಟು ಕಿರಿದು ಮಾಡಿ, ಹತ್ತಿರದ ಕಲ್ಲೂ ದೂರದ ಬುರುಜೂ ಒಂದೇ ಸಮನೆ ಸ್ಪಷ್ಟವಾಗುವಂತೆ ನೋಡಿಕೊಳ್ಳಬೇಕು. ಆಮೇಲೆ ಕಂಪ್ಯೂಟರಿನಲ್ಲಿ ಮೇಜಿನ ಅಂಚನ್ನು ಅಳಿಸಿ, ಬೇರೊಂದು ದಿನ ತೆಗೆದ ಮುಗಿಲನ್ನು ಹಿಂದಕ್ಕೆ ಕೂರಿಸಿದೆ. ಮುಗಿಲಿನ ಬೆಳಕೂ ಕೋಟೆಯ ಬೆಳಕೂ ಒಂದೇ ದಿಕ್ಕಿನಿಂದ ಬರುವಂತೆ ಹೊಂದಿಸುವುದಕ್ಕೆ ಒಂದು ರಾತ್ರಿ ಹಿಡಿಯಿತು.

ಒಳಪುಟದಲ್ಲಿ ‘ಮುಖಪುಟದ ಚಿತ್ರ: ಮಾದರಿಯೊಂದರ ಛಾಯಾಚಿತ್ರ’ ಎಂದು ಒಂದು ಸಾಲು ಹಾಕಬೇಕೆಂದು ನಾನು ಕೇಳಿದ್ದೆ. ಪ್ರಕಾಶಕರು ನಕ್ಕು, ‘ಅದನ್ನೇಕೆ ಹೇಳಹೋಗುತ್ತೀರಿ ಸ್ವಾಮಿ? ಮಾದರಿ ಎಂದರೆ ಆಟದ ಸಾಮಾನು ಅಂದುಕೊಂಡಾರು’ ಎಂದರು. ಸಾಲು ಬರಲಿಲ್ಲ. ಪುಸ್ತಕ ಬಂದ ಕೆಲವು ವಾರಗಳಲ್ಲಿ ಓದುಗರೊಬ್ಬರಿಂದ ಲೇಖಕರಿಗೆ ಒಂದು ಪತ್ರ ಬಂತು: ಈ ಕೋಟೆ ಯಾವ ತಾಲ್ಲೂಕಿನಲ್ಲಿದೆ, ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಬೇಕು, ಬಸ್ಸಿನ ಸೌಕರ್ಯ ಉಂಟೆ?

ಆ ಸಾಲು ಅಷ್ಟು ಮುಖ್ಯವೆ ಎಂದು ಕೇಳುವವರಿದ್ದಾರೆ. ಮುಖ್ಯವೆಂದೇ ನನ್ನ ಅಭಿಪ್ರಾಯ. ಅದಕ್ಕೆ ಆಧಾರ ಛಾಯಾಚಿತ್ರದ ಇತಿಹಾಸದಲ್ಲಿಯೇ ಇದೆ.

ಚಿತ್ರವನ್ನು ತಿದ್ದುವುದು ಕಂಪ್ಯೂಟರು ಕಲಿಸಿದ ಕೆಟ್ಟ ಬುದ್ಧಿಯೆಂದು ಬಹಳ ಜನ ತಿಳಿದಿದ್ದಾರೆ. ಅದು ನಿಜವಲ್ಲ. 1857ರಲ್ಲಿಯೇ ಆಸ್ಕರ್ ರೈಲಾಂಡರ್ ಎಂಬವನು ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಒಂದರ ಪಕ್ಕದಲ್ಲೊಂದು ಅಚ್ಚಿಳಿಸಿ, ಒಂದೇ ದೊಡ್ಡ ಚಿತ್ರವನ್ನು ಸಿದ್ಧಗೊಳಿಸಿದನು. ಮನುಷ್ಯನ ಮುಂದಿರುವ ಎರಡು ಬಾಳುಗಳನ್ನು, ಅಂದರೆ ಸದಾಚಾರದ ಬಾಳನ್ನೂ ಭೋಗದ ಬಾಳನ್ನೂ ತೋರಿಸುವ ಚಿತ್ರ ಅದು. ಮ್ಯಾಂಚೆಸ್ಟರಿನ ಕಲಾಪ್ರದರ್ಶನದಲ್ಲಿ ಅದನ್ನಿಟ್ಟಾಗ ಹೊಗಳಿಕೆಯೂ ಬಂತು, ಗದ್ದಲವೂ ಆಯಿತು. ವಿಕ್ಟೋರಿಯಾ ರಾಣಿಯೇ ಒಂದು ಪ್ರತಿಯನ್ನು ಕೊಂಡಳು. ಅಂತೂ ಛಾಯಾಚಿತ್ರಕ್ಕೆ ಇಪ್ಪತ್ತು ವರ್ಷ ತುಂಬುವುದರೊಳಗೆ ಅದಕ್ಕೆ ಕತ್ತರಿ, ಅಂಟುಗಳ ಸಹವಾಸ ಬಂದಾಗಿತ್ತು.

ಆದರೆ ಮಾದರಿಯನ್ನು ಮಾಡಿ ಛಾಯಾಚಿತ್ರ ತೆಗೆದು ಪುಸ್ತಕಕ್ಕೆ ಹಾಕಿದವರಲ್ಲಿ ನನಗೆ ಎಲ್ಲರಿಗಿಂತ ಹಿರಿಯನಾಗಿ ಕಾಣುವವನು ಜೇಮ್ಸ್ ನೇಸ್ಮಿತ್. ಇವನು 1808ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದನು. ತಂದೆ ಅಲೆಕ್ಸಾಂಡರ್ ನೇಸ್ಮಿತ್ ಹೆಸರಾಂತ ಚಿತ್ರಕಾರ. ಕವಿ ರಾಬರ್ಟ್ ಬರ್ನ್ಸ್‌ನ ಪ್ರಸಿದ್ಧ ಭಾವಚಿತ್ರ ಅವನು ಬರೆದದ್ದೇ. ಮಗನು ಹಿಡಿದದ್ದು ಕಬ್ಬಿಣದ ದಾರಿ. ಮ್ಯಾಂಚೆಸ್ಟರಿನ ಬಳಿ ಕಾರ್ಖಾನೆ ಕಟ್ಟಿ, ಹಬೆಯ ಬಲದಿಂದ ಏಳುವ ದೈತ್ಯಾಕಾರದ ಸುತ್ತಿಗೆಯನ್ನು ನಿರ್ಮಿಸಿ, 1842ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. ಸಾಕಷ್ಟು ಹಣ ಸಂಪಾದಿಸಿ 1856ರಲ್ಲಿ, ತನ್ನ ನಲವತ್ತೆಂಟನೆಯ ವಯಸ್ಸಿಗೇ ಕೆಲಸದಿಂದ ನಿವೃತ್ತನಾದನು. ಕೆಂಟ್ ಪ್ರಾಂತ್ಯದಲ್ಲಿ ಮನೆ ಮಾಡಿ ಅದಕ್ಕೆ ಹ್ಯಾಮರ್‌ಫೀಲ್ಡ್ ಎಂದು ಹೆಸರಿಟ್ಟನು. ಹ್ಯಾಮರ್ ಎಂದರೆ ಸುತ್ತಿಗೆಯೇ. ಅನ್ನವಿತ್ತ ಆಯುಧವನ್ನು ಮರೆತವನಲ್ಲ!

ಸುತ್ತಿಗೆಯವನಿಗೆ ಚಂದ್ರನ ಹುಚ್ಚು. ಇಪ್ಪತ್ತು ಅಂಗುಲ ವ್ಯಾಸದ ದರ್ಪಣವುಳ್ಳ ದೂರದರ್ಶಕವನ್ನು ತಾನೇ ಮಾಡಿಕೊಂಡು, 1840ರ ದಶಕದಿಂದಲೂ ಚಂದ್ರನ ಕುಳಿಗಳನ್ನೂ ಬೆಟ್ಟಗಳನ್ನೂ ನೋಡಿ ನೋಡಿ ಬರೆದಿಡುತ್ತಿದ್ದನು. 1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಅವನ ಚಂದ್ರಚಿತ್ರಗಳಿಗೆ ಪದಕ ಸಿಕ್ಕಿತು. ಆಗ ಚಂದ್ರನ ಛಾಯಾಚಿತ್ರಗಳೇ ಇರಲಿಲ್ಲವೆಂದಲ್ಲ. ಮುಂದಿನ ವರ್ಷಗಳಲ್ಲಿ ಪೂರ್ಣಬಿಂಬದ ಒಳ್ಳೆಯ ಛಾಯಾಚಿತ್ರಗಳೂ ಬಂದವು. ಆದರೆ ಒಂದು ಕುಳಿಯನ್ನು ಹತ್ತಿರಕ್ಕೆ ತಂದು ತೋರಿಸುವ ಶಕ್ತಿ ಅವಕ್ಕಿರಲಿಲ್ಲ. ಅಂದಿನ ಗಾಜಿನ ಫಲಕಗಳು ಮಂದ; ಅವುಗಳ ಮೇಲೆ ಬಿಂಬ ಮೂಡುವಷ್ಟರಲ್ಲಿ ವಾಯುಮಂಡಲದ ನಡುಕಕ್ಕೆ ಸೂಕ್ಷ್ಮವಾದದ್ದೆಲ್ಲ ಅಳಿಸಿಹೋಗುತ್ತಿತ್ತು. ಕಣ್ಣಾದರೋ ಕಾದು ಕುಳಿತು, ಗಾಳಿ ನಿಶ್ಚಲವಾದ ಒಂದು ಕ್ಷಣದಲ್ಲಿ ಕಂಡದ್ದನ್ನು ಹಿಡಿದಿಟ್ಟುಕೊಳ್ಳಬಲ್ಲದು.

ಹೀಗೆ ಕಣ್ಣು ಕಂಡದ್ದನ್ನು ಕ್ಯಾಮೆರಾ ಕಾಣದು. ಕೈಯಿಂದ ಬರೆದ ಚಿತ್ರಕ್ಕೆ ಛಾಯಾಚಿತ್ರದ ನಿಲುವಿಲ್ಲ. ಈ ಇಕ್ಕಟ್ಟಿಗೆ ನೇಸ್ಮಿತ್ ಕಂಡುಕೊಂಡ ದಾರಿ ಬಹು ಸರಳವಾದದ್ದು. ತನ್ನ ಚಿತ್ರಗಳನ್ನು ಮುಂದಿಟ್ಟುಕೊಂಡು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಚಂದ್ರನ ನೆಲವನ್ನು ತುಂಡು ತುಂಡಾಗಿ ಮಾಡಿದನು. ಕೊಪರ್ನಿಕಸ್ ಎಂಬ ಕುಳಿ, ಪ್ಲೇಟೊ ಎಂಬ ಕುಳಿ, ಬೆಟ್ಟಗಳ ಸಾಲು, ಎಲ್ಲವೂ ಮೇಜಿನ ಮೇಲೆ ಹಿಡಿಸುವಂಥವು. ಆಮೇಲೆ ಅವನ್ನು ಬಿಸಿಲಿಗಿಟ್ಟು, ಕಿರಣ ಓರೆಯಾಗಿ ಬೀಳುವಂತೆ ತಿರುಗಿಸಿ, ಛಾಯಾಚಿತ್ರ ತೆಗೆದನು. ಚಂದ್ರನಿಗೆ ಬೆಳಕು ಕೊಡುವ ಸೂರ್ಯನೇ ಅವನ ಪ್ಲಾಸ್ಟರಿಗೂ ಬೆಳಕು ಕೊಟ್ಟನು. ಕುಳಿಯ ಅಂಚಿನಿಂದ ಕಡುಗಪ್ಪು ನೆರಳು ಚಾಚಿಕೊಂಡಿತು. ಗಾಳಿಯಿಲ್ಲದ ಚಂದ್ರನಲ್ಲಿ ಹಗಲಿನಲ್ಲೂ ಆಕಾಶ ಕಪ್ಪು. ಚಿತ್ರದಲ್ಲಿಯೂ ಅದು ಕಪ್ಪಾಗಿಯೇ ಬಂತು.

ಗ್ರೀನಿಚ್ ವೇಧಶಾಲೆಯಲ್ಲಿದ್ದ ಜೇಮ್ಸ್ ಕಾರ್ಪೆಂಟರನ ಜೊತೆಗೂಡಿ ನೇಸ್ಮಿತ್ ಬರೆದ ಚಂದ್ರನ ಕುರಿತ ಗ್ರಂಥವನ್ನು 1874ರಲ್ಲಿ ಲಂಡನ್ನಿನ ಜಾನ್ ಮರ್ರೆ ಪ್ರಕಟಿಸಿದನು. ಈ ಛಾಯಾಚಿತ್ರಗಳು ಇದ್ದದ್ದು ಹೊದಿಕೆಯ ಮೇಲಲ್ಲ, ಒಳಗೆ. ಆದರೆ ಪುಸ್ತಕದ ಪ್ರಾಣವೇ ಅವು. ಅಚ್ಚಿನ ಕ್ರಮವೂ ವಿಶೇಷವಾದದ್ದು. ಹೆಚ್ಚಿನವು ವುಡ್‌ಬರಿ ಎಂಬವನು 1864ರಲ್ಲಿ ಕಂಡುಹಿಡಿದ ವಿಧಾನದವು: ನೆಗೆಟಿವ್‌ನಿಂದ ಜಿಲೆಟಿನ್ನಿನ ಉಬ್ಬುಚಿತ್ರವನ್ನು ಪಡೆದು, ಅದನ್ನು ಸೀಸದ ಹಾಳೆಗೆ ಒತ್ತಿ, ಆ ಅಚ್ಚಿಗೆ ಬಣ್ಣ ಬೆರೆಸಿದ ಜಿಲೆಟಿನ್ ಹೊಯ್ದು, ಕಾಗದಕ್ಕೆ ಇಳಿಸುವುದು. ಹೀಗೆ ಬಂದ ಒಂದೊಂದು ಚಿತ್ರವನ್ನೂ ಪುಸ್ತಕದ ಹಾಳೆಗೆ ಕೈಯಿಂದಲೇ ಅಂಟಿಸಬೇಕು.

ಆ ಗ್ರಂಥದ ಇನ್ನೊಂದು ಪುಟ ಇನ್ನೂ ಸ್ವಾರಸ್ಯವಾದದ್ದು. ಅದರಲ್ಲಿ ಎರಡು ಛಾಯಾಚಿತ್ರಗಳಿವೆ: ಒಂದು ಮುದಿಯ ಕೈಯ ಹಿಂಭಾಗ, ಇನ್ನೊಂದು ಬಾಡಿ ಸುಕ್ಕುಗಟ್ಟಿದ ಸೇಬು. ಒಳಗಿನ ತಿರುಳು ಕುಗ್ಗಿದರೆ ಹೊರಗಿನ ಸಿಪ್ಪೆ ಸುಕ್ಕಾಗುವಂತೆ, ಗೋಳದ ಒಡಲು ಕುಗ್ಗಿದಾಗ ಅದರ ಮೇಲ್ಮೈ ಮಡಿಕೆಬಿದ್ದು ಪರ್ವತಶ್ರೇಣಿಗಳಾಗುತ್ತವೆ ಎಂಬುದು ಅವನ ವಾದ. ಆಕಾಶದ ವಿಷಯವನ್ನು ಅಡಿಗೆಮನೆಯ ಹಣ್ಣಿನಿಂದ ತಿಳಿಸಿದ ಲೇಖಕನ ಮೇಲೆ ಪ್ರೀತಿ ಹುಟ್ಟದೆ ಇರುವುದು ಹೇಗೆ?

ಈಗ ಮುಖ್ಯವಾದ ಮಾತು. ಇವು ಚಂದ್ರನ ಛಾಯಾಚಿತ್ರಗಳೆಂದು ನೇಸ್ಮಿತ್ ಎಲ್ಲಿಯೂ ಹೇಳಲಿಲ್ಲ. ತಾನು ನೋಡಿ ಬರೆದದ್ದು, ಬರೆದದ್ದರಿಂದ ಮಾದರಿ ಮಾಡಿದ್ದು, ಮಾದರಿಯನ್ನು ಬಿಸಿಲಿನಲ್ಲಿಟ್ಟು ಚಿತ್ರ ತೆಗೆದದ್ದು, ಇಷ್ಟನ್ನೂ ಮುನ್ನುಡಿಯಲ್ಲಿಯೇ ತಿಳಿಸಿದನು. ಚಂದ್ರನ ನೆಲದ ಮೇಲೆ ನಿಂತು ನೋಡಿದಂತೆ ತೋರುವ ಬೆಟ್ಟಗಳ ದೃಶ್ಯಕ್ಕೆ ಅದು ಕಲ್ಪಿತವೆಂದೇ ಹೆಸರು ಕೊಟ್ಟನು. ಇದರಿಂದ ಪುಸ್ತಕದ ಗೌರವ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ವಿಜ್ಞಾನಿಗಳು ಹೊಗಳಿದರು, ಮುದ್ರಣದ ಮೇಲೆ ಮುದ್ರಣವಾಯಿತು.

ಆದರೆ ಅವನು ತೋರಿಸಿದ್ದೆಲ್ಲ ಸರಿಯಾಗಿತ್ತೆ? ಇಲ್ಲ. ಚಂದ್ರನ ಕುಳಿಗಳು ಜ್ವಾಲಾಮುಖಿಗಳು ಕಾರಂಜಿಯಂತೆ ಚಿಮ್ಮಿ ಆದವೆಂದು ಅವನು ನಂಬಿದ್ದನು. ಅವುಗಳಲ್ಲಿ ಬಹುಮಟ್ಟಿನವು ಬಾಹ್ಯಾಕಾಶದ ಬಂಡೆಗಳು ಬಂದು ಬಡಿದು ಆದವೆಂದು ಇಪ್ಪತ್ತನೆಯ ಶತಮಾನದ ಸಂಶೋಧನೆ ತಿಳಿಸಿತು. ಅವನ ಬೆಟ್ಟಗಳು ಈಟಿಯಂತೆ ಚೂಪು. ಓರೆಬಿಸಿಲಿನಲ್ಲಿ ನೆರಳು ಉದ್ದವಾಗಿ ಬೀಳುವುದರಿಂದ ದೂರದಿಂದ ನೋಡುವವರಿಗೆ ಚಂದ್ರನ ಬೆಟ್ಟಗಳು ಕಡಿದಾಗಿ ತೋರುತ್ತಿದ್ದವು. 1971ರಲ್ಲಿ ಅಪೊಲೊ 15ರ ಯಾತ್ರಿಕರು ಹ್ಯಾಡ್ಲಿ ಬೆಟ್ಟದ ಬುಡದಲ್ಲಿ ತೆಗೆದ ಛಾಯಾಚಿತ್ರಗಳಲ್ಲಿ ಕಾಣುವುದು ದುಂಡನೆಯ, ನುಣುಪಾದ ಬೆನ್ನಿನ ಗುಡ್ಡಗಳು. ನೇಸ್ಮಿತ್ ತಪ್ಪಿದನು. ಆದರೆ ಅವನು ಸುಳ್ಳು ಹೇಳಲಿಲ್ಲ. ತಾನು ಹಿಡಿದ ದಾರಿಯನ್ನೆಲ್ಲ ಮೊದಲೇ ಬಿಚ್ಚಿಟ್ಟಿದ್ದರಿಂದ, ಎಲ್ಲಿ ಎಡವಿದನೆಂಬುದನ್ನು ಮುಂದಿನವರು ಸುಲಭವಾಗಿ ಕಂಡುಕೊಂಡರು.

ಇದಕ್ಕೆ ಎದುರಾಗಿ ಇನ್ನೊಂದು ಮಾದರಿಯ ಕಥೆಯನ್ನಿಡುತ್ತೇನೆ. ಸ್ಕಾಟ್ಲೆಂಡಿನ ಲಾಕ್ ನೆಸ್ ಎಂಬ ಸರೋವರದಲ್ಲಿ ಒಂದು ವಿಚಿತ್ರ ಪ್ರಾಣಿಯಿದೆಯೆಂಬ ಸುದ್ದಿ 1933ರಲ್ಲಿ ಹಬ್ಬಿತು. ಲಂಡನ್ನಿನ ಡೇಲಿ ಮೇಲ್ ಪತ್ರಿಕೆಯ ಪರವಾಗಿ ಅದನ್ನು ಹುಡುಕಹೊರಟ ಬೇಟೆಗಾರ ಮಾರ್ಮಡ್ಯೂಕ್ ವೆದರೆಲ್ ದಡದಲ್ಲಿ ಹೆಜ್ಜೆಗುರುತುಗಳನ್ನು ಕಂಡೆನೆಂದನು. ಅವು ಒಣಗಿಸಿಟ್ಟ ನೀರಾನೆಯ ಕಾಲಿನಿಂದ ಒತ್ತಿದ ಗುರುತುಗಳೆಂದು ಪರೀಕ್ಷೆಯಲ್ಲಿ ತಿಳಿದು ಅವನಿಗೆ ಅವಮಾನವಾಯಿತು. ಮುಂದಿನ ವರ್ಷ ಏಪ್ರಿಲ್ 21ರಂದು ಅದೇ ಪತ್ರಿಕೆಯಲ್ಲಿ ಒಂದು ಛಾಯಾಚಿತ್ರ ಬಂತು: ನೀರಿನಿಂದ ಮೇಲಕ್ಕೆ ಚಾಚಿದ ನೀಳವಾದ ಕತ್ತು, ಪುಟ್ಟ ತಲೆ. ಅದನ್ನು ಕೊಟ್ಟವನು ವಿಲ್ಸನ್ ಎಂಬ ವೈದ್ಯ. ಮರ್ಯಾದಸ್ಥನ ಮಾತನ್ನು ಸಂಶಯಿಸುವವರಾರು? ಅಲ್ಲಿಂದ ಮುಂದೆ ಆ ಚಿತ್ರ ಪತ್ರಿಕೆಗಳಲ್ಲಿ, ಪುಸ್ತಕಗಳಲ್ಲಿ ಲೋಕವನ್ನೆಲ್ಲ ಸುತ್ತಿತು.

ಅರವತ್ತು ವರ್ಷಗಳ ಮೇಲೆ, 1994ರಲ್ಲಿ, ಪೂರ್ತಿ ಕಥೆ ಹೊರಬಿತ್ತು. ವೆದರೆಲ್‌ನ ಮಲಮಗ ಕ್ರಿಶ್ಚಿಯನ್ ಸ್ಪರ್ಲಿಂಗ್ ಸಾಯುವ ಮುನ್ನ ಹೇಳಿದ್ದೇನೆಂದರೆ, ಆ ಕತ್ತು ತಾನು ಮಾಡಿದ ಮಾದರಿ. ಅದನ್ನು ಕೂರಿಸಿದ್ದು ಅಂಗಡಿಯಿಂದ ತಂದ ಆಟಿಕೆಯ ಜಲಾಂತರ್ಗಾಮಿಯ ಮೇಲೆ. ಇದರಲ್ಲಿ ಗಮನಿಸಬೇಕಾದದ್ದು ತಿದ್ದುಪಡಿಯ ಪಾತ್ರ. ಮೂಲ ಚಿತ್ರದಲ್ಲಿ ಸುತ್ತಲೂ ಸಾಕಷ್ಟು ನೀರಿದೆ. ಅದರ ನಡುವೆ ಆ ಕತ್ತು ಬಹು ಚಿಕ್ಕದಾಗಿ ಕಾಣುತ್ತದೆ. ಜಗತ್ತು ನೋಡಿದ್ದು ಸುತ್ತಲ ನೀರನ್ನು ಕತ್ತರಿಸಿ ಕತ್ತನ್ನು ದೊಡ್ಡದಾಗಿಸಿದ ಚಿತ್ರವನ್ನು. ಹಲಗೆಯ ಅಂಚನ್ನು ಬಿಟ್ಟುಬಿಡುವುದೆಂದು ಮೇಲೆ ಹೇಳಿದೆನಲ್ಲ, ಅದೇ ಕೆಲಸ. ಇದರ ಫಲವಾಗಿ ಎಷ್ಟೋ ಜನ ತಮ್ಮ ಹಣವನ್ನೂ ಆಯುಷ್ಯದ ಒಳ್ಳೆಯ ಭಾಗವನ್ನೂ ಆ ಸರೋವರದ ದಡದಲ್ಲಿ ಸವೆಸಿದರು.

ಎರಡು ಮಾದರಿಗಳೂ ಕೈಯಿಂದ ಮಾಡಿದವು. ಎರಡೂ ಚಿತ್ರಗಳು ನೋಡುವವರ ಕಣ್ಣನ್ನು ನಂಬಿಸುವಂಥವು. ಕುಶಲತೆಯಲ್ಲಿ ಪ್ಲಾಸ್ಟರಿನ ಚಂದ್ರನೇ ಆ ಕತ್ತಿಗಿಂತ ಎಷ್ಟೋ ಮೇಲು. ಹಾಗಾದರೆ ಒಂದನ್ನು ವಿದ್ಯೆಯೆಂದೂ ಇನ್ನೊಂದನ್ನು ವಂಚನೆಯೆಂದೂ ಕರೆಯುವುದೇಕೆ? ವ್ಯತ್ಯಾಸವಿರುವುದು ಮಾದರಿಯಲ್ಲಲ್ಲ, ಕ್ಯಾಮೆರಾದಲ್ಲಲ್ಲ, ತಿದ್ದುಪಡಿಯಲ್ಲಿಯೂ ಅಲ್ಲ. ಚಿತ್ರದ ಕೆಳಗೆ ಬರೆದ ಒಂದು ಸಾಲಿನಲ್ಲಿದೆ.

ಕಥೆ ಕಾದಂಬರಿಗಳ ಮಾತು ಬೇರೆ. ಅವು ಕಲ್ಪನೆಯೆಂಬುದನ್ನು ಓದುಗನು ಬಲ್ಲ. ಚರಿತ್ರೆಯ ಪುಸ್ತಕವನ್ನು ಅವನು ನಂಬಿ ಕೊಳ್ಳುತ್ತಾನೆ. ಹೊದಿಕೆಯ ಚಿತ್ರವೂ ಆ ನಂಬಿಕೆಯ ಲೆಕ್ಕಕ್ಕೇ ಸೇರುತ್ತದೆ. ಇಂದು ಮಣ್ಣು ಮೆತ್ತುವ ಶ್ರಮವೂ ಬೇಡ. ಇರದ ಕೋಟೆಯನ್ನು ಯಂತ್ರವೇ ನಿಮಿಷಾರ್ಧದಲ್ಲಿ ಬರೆದುಕೊಡುತ್ತದೆ. ಇಂಥ ಕಾಲದಲ್ಲಿ ಆ ಒಂದು ಸಾಲಿನ ಬೆಲೆ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ. ಅದನ್ನು ಹಾಕಲು ಪ್ರಕಾಶಕನಿಗೆ ತಗಲುವ ಖರ್ಚು ಎಷ್ಟು? ಹೆಚ್ಚೆಂದರೆ ಆರು ಪದಗಳ ಮಸಿ.

ನೇಸ್ಮಿತ್ ಮಾಡಿದ ಪ್ಲಾಸ್ಟರಿನ ಮಾದರಿಗಳಲ್ಲಿ ಕೆಲವನ್ನು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಅವು ಕಾಣಿಸುವ ಚಂದ್ರ ತಪ್ಪಾದ ಚಂದ್ರನೆಂಬುದು ಎಲ್ಲರಿಗೂ ಗೊತ್ತು. ಆದರೂ ಅವನ್ನು ಬಚ್ಚಿಡಬೇಕೆಂದು ಯಾರಿಗೂ ಅನಿಸಿಲ್ಲ. ಲಾಕ್ ನೆಸ್ಸಿನ ಮಾದರಿಗೆ ಆ ಭಾಗ್ಯವಿಲ್ಲ. ಚಿತ್ರ ತೆಗೆದಾದ ಮೇಲೆ ಯಾರೋ ಬರುವ ಸದ್ದು ಕೇಳಿ, ವೆದರೆಲ್ ಅದನ್ನು ಕಾಲಿನಿಂದ ಒತ್ತಿ ನೀರಿನಲ್ಲಿ ಮುಳುಗಿಸಿಬಿಟ್ಟನಂತೆ.